ಇದು ರಾಯಚೂರಿನ ಮಸ್ಕಿ ಅಲ್ಲ

ಮಸ್ಕಿ ಎಂದೊಡನೆ ನಮಗೆ ನೆನಪಾಗುವುದು ರಾಯಚೂರು ಜಿಲ್ಲೆಯ ಊರು. 1915ರಲ್ಲಿ ಅಲ್ಲಿ ಸಿಕ್ಕ ಬಂಡೆ ಶಾಸನ, ಅದರಲ್ಲಿ ಕೊರೆದಿದ್ದ ಅಶೋಕನ ಹೆಸರು. ಆದರೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹೇವರ್ಡ್ ಎಂಬ ಪುಟ್ಟ ಊರಿನಲ್ಲಿ ‘ಮಸ್ಕಿ’ ಎಂದು ಹೇಳಿ ನೋಡಿ, ಎದುರಿಗಿದ್ದವರು ಎರಡೂ ಕೈ ಅಗಲಿಸಿ ಒಂದು ಮೀನಿನ ಉದ್ದ ತೋರಿಸಲು ಶುರು ಮಾಡುತ್ತಾರೆ. ಕೈಗಳ ನಡುವಿನ ಅಂತರ ಕಥೆ ಮುಂದುವರಿದಂತೆ ಬೆಳೆಯುತ್ತಲೂ ಹೋಗುತ್ತದೆ.

ಮೀನಿನ ಪೂರ್ತಿ ಹೆಸರು ಮಸ್ಕೆಲಂಜ್. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ‘ಮಾಶ್ಕಿನೋಝೆ’ ಎಂಬ ಮಾತಿನಿಂದ ಬಂದದ್ದು. ಬಾಯಿ ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆ, ಒಳಗೆ ಸೂಜಿಯಂಥ ಹಲ್ಲುಗಳ ಸಾಲು. ನಾಲ್ಕು ಅಡಿ ದಾಟಿ ಬೆಳೆಯುವುದುಂಟು. ಸಣ್ಣ ಮೀನು ಸಾಲದು ಎನಿಸಿದರೆ ಬಾತುಕೋಳಿ ಮರಿಯನ್ನೂ ನುಂಗುತ್ತದೆ. ಹಿಡಿಯುವುದು ಮಾತ್ರ ಸುಲಭವಲ್ಲ. ‘ಹತ್ತು ಸಾವಿರ ಎಸೆತದ ಮೀನು’ ಎಂದು ಇದಕ್ಕೆ ಅಡ್ಡಹೆಸರು. ಅಂದರೆ ಅಷ್ಟು ಸಲ ಗಾಳ ಎಸೆದರೆ ಒಂದು ಸಿಕ್ಕೀತು!

ಮಿನಿಯಾಪೊಲಿಸ್‌ನ ಮಗಳ ಮನೆಯಿಂದ ಹೇವರ್ಡ್‌ಗೆ ಕಾರಿನಲ್ಲಿ ಎರಡೂವರೆ ಮೂರು ಗಂಟೆಯ ದಾರಿ. ಅಕ್ಟೋಬರ್ ತಿಂಗಳು. ಮೇಪಲ್ ಮರಗಳು ಅರ್ಧ ಎಲೆ ಉದುರಿಸಿ ಉಳಿದರ್ಧದಲ್ಲಿ ಕುಂಕುಮ ಬಳಿದುಕೊಂಡು ನಿಂತಿದ್ದವು. ಊರು ಸೇರಿದಾಗ ಮೊದಲು ಕಂಡದ್ದು ಮರಗಳಿಗಿಂತ ಎತ್ತರದ ಒಂದು ಮೀನು. ಸಿಹಿನೀರಿನ ಮೀನುಗಾರಿಕೆಯ ವಸ್ತುಸಂಗ್ರಹಾಲಯದವರು ಫೈಬರ್‌ಗ್ಲಾಸಿನಲ್ಲಿ ಕಟ್ಟಿರುವ ಮಸ್ಕಿ ಅದು. ಉದ್ದ 143 ಅಡಿ, ಎತ್ತರ ನಾಲ್ಕು ಅಂತಸ್ತಿಗೂ ಮೇಲೆ. ಹೊಟ್ಟೆಯೊಳಗಿನ ಮೆಟ್ಟಿಲು ಹತ್ತಿ ಬಾಯಿಗೆ ಬಂದು ಹಲ್ಲುಗಳ ನಡುವೆ ನಿಲ್ಲಬಹುದು. ಮೊಮ್ಮಕ್ಕಳಿಬ್ಬರೂ ನಿಂತು ಕೈ ಬೀಸಿದರು.

ವಿಶ್ವದಾಖಲೆ ಎಂದು ಹೇಳಿಕೊಳ್ಳುವ ಎರಡು ಮಸ್ಕಿಗಳು ಸಿಕ್ಕಿದ್ದು ಇದೇ ಸೀಮೆಯಲ್ಲಿ, ಒಂದೇ ವರ್ಷ, 1949ರಲ್ಲಿ. ಲೂಯಿ ಸ್ಪ್ರೇ ಹಿಡಿದದ್ದು 69 ಪೌಂಡ್ 11 ಔನ್ಸ್, ಕ್ಯಾಲ್ ಜಾನ್ಸನ್ ಹಿಡಿದದ್ದು 67 ಪೌಂಡ್ 8 ಔನ್ಸ್. ಒಂದು ಸಂಸ್ಥೆ ಮೊದಲನೆಯದನ್ನು ಒಪ್ಪಿದರೆ ಇನ್ನೊಂದು ಎರಡನೆಯದನ್ನು ಒಪ್ಪುತ್ತದೆ. ಮುಕ್ಕಾಲು ಶತಮಾನವಾದರೂ ಜಗಳ ಮುಗಿದಿಲ್ಲ. ನಮ್ಮ ಊರಿನ ಗದ್ದೆ ಬದುವಿನ ತಕರಾರಿನ ಹಾಗೆ, ಬಹುಶಃ ಮುಗಿಯುವುದು ಯಾರಿಗೂ ಬೇಕಾಗಿಲ್ಲ.

ನಾವು ದೋಣಿ ಹತ್ತಿದ್ದು ಚಿಪ್ಪೆವಾ ಫ್ಲೋಯೇಜ್ ಎಂಬ ಜಲಾಶಯದಲ್ಲಿ. ವಿಸ್ತಾರ ಹದಿನೈದು ಸಾವಿರ ಎಕರೆಗೂ ಹೆಚ್ಚು. 1923ರಲ್ಲಿ ವಿಂಟರ್ ಎಂಬ ಅಣೆಕಟ್ಟು ಕಟ್ಟಿದಾಗ ಹಲವು ಚಿಕ್ಕ ಕೆರೆಗಳು ಕೂಡಿಕೊಂಡು ಒಂದಾದವು. ಒಜಿಬ್ವೆ ಜನ ಬೇಡವೆಂದರೂ ಅವರ ಹಳ್ಳಿ, ಹಿರಿಯರ ಸಮಾಧಿ, ನೀರಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಕಾಡು ಅಕ್ಕಿಯ ಬಯಲು ಎಲ್ಲ ಮುಳುಗಿದವು. ಮುಳುಗಿದ ಹಳ್ಳಿಯ ಹೆಸರು ಪೋಸ್ಟ್, ಆಮೇಲೆ ಕಟ್ಟಿಕೊಂಡದ್ದು ನ್ಯೂ ಪೋಸ್ಟ್. ಶರಾವತಿಯ ಹಿನ್ನೀರು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಏರಿದಾಗ ತಳದ ಜೌಗು ಮಣ್ಣು ಹಪ್ಪಳದಂತೆ ಎದ್ದು ತೇಲಿತು. ಅದರ ಮೇಲೆ ಗಿಡಮರ ಬೆಳೆದು ಈಗ ತೇಲುವ ದ್ವೀಪಗಳಾಗಿವೆ. ಅಂಥ ಒಂದು ದ್ವೀಪ ಆಗಾಗ ತೇಲಿ ಬಂದು ಸೇತುವೆಯ ದಾರಿಗೆ ಅಡ್ಡವಾಗುತ್ತದೆಯಂತೆ. ಆಗ ಸುತ್ತಲಿನವರೆಲ್ಲ ದೋಣಿ ತಂದು, ಮೂತಿ ಒತ್ತಿಟ್ಟು, ಎಂಜಿನ್ ಜೋರು ಮಾಡಿ ದ್ವೀಪವನ್ನೇ ತಳ್ಳುತ್ತಾರೆ. ತೇರು ಎಳೆಯುವುದನ್ನು ನೋಡಿದ್ದೇವೆ, ದ್ವೀಪ ತಳ್ಳುವುದನ್ನು ಕೇಳಿದ್ದು ಇದೇ ಮೊದಲು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಸ್ಕಿಗೆ ಎರೆಹುಳು ಸಾಲದು. ಮೀನಿನಂತೆ ನಟಿಸುವ ಒಂದು ಬೊಂಬೆ ಬೇಕು. ಒಜಿಬ್ವೆ ಜನ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು, ಬೆಳಕು ಬರದಂತೆ ಮುಚ್ಚಿಕೊಂಡು, ಮರದಲ್ಲಿ ಕೆತ್ತಿದ ಮೀನನ್ನು ಸಣ್ಣ ಕೋಲಿನ ದಾರಕ್ಕೆ ಕಟ್ಟಿ ನೀರಿನಲ್ಲಿ ಕುಣಿಸುತ್ತಿದ್ದರು. ಆ ಬೊಂಬೆಗೆ ಕೊಕ್ಕೆಯೇ ಇಲ್ಲ. ದೊಡ್ಡ ಮೀನು ಹತ್ತಿರ ಬಂದಾಗ ಈಟಿಯಿಂದ ತಿವಿಯುವುದು. ಲ್ಯಾಕ್ ಡು ಫ್ಲಾಂಬೋ ಎಂಬಲ್ಲಿನ ಕೆತ್ತನೆಗಾರರ ಮರದ ಮೀನುಗಳು ಇಂದಿಗೂ ಪ್ರಸಿದ್ಧ.

ಇಂದಿನ ಬೊಂಬೆ ಮೆತ್ತನೆಯ ಪ್ಲಾಸ್ಟಿಕ್ಕಿನದು. ಪಿವಿಸಿಯ ನಯವಾದ ಪುಡಿಯನ್ನು ಎಣ್ಣೆಯಂಥ ದ್ರವದಲ್ಲಿ ಕಲಸಿ ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬಣ್ಣ, ಮಿನುಗು ಸೇರಿಸಿ ಅಚ್ಚಿಗೆ ಹೊಯ್ಯುತ್ತಾರೆ. ಹಾಲುಬಾಯಿ ಮಾಡಿದವರಿಗೆ ಗೊತ್ತು: ಹಿಟ್ಟಿನ ನೀರು ಬೆಂದು ಗಟ್ಟಿಯಾಗಿ, ಆರಿದ ಮೇಲೆ ಬಳುಕುವ ಬಿಲ್ಲೆಯಾಗುತ್ತದೆ. ಇದೂ ಹಾಗೆಯೇ, ತಿನ್ನಲು ಬಾರದು ಅಷ್ಟೆ. ಇವುಗಳಲ್ಲಿ ಬಹಳ ಹೆಸರಾದದ್ದು ‘ಬುಲ್ ಡಾಗ್’. ಗೇಣುದ್ದದ ಮೈ, ಹಿಂದೆ ಕುಡುಗೋಲಿನಂತೆ ಬಾಗಿದ ಅಗಲ ಬಾಲ. ‘ಪೌಂಡರ್’ ಎನ್ನುವ ದೊಡ್ಡಣ್ಣ ಹೆಚ್ಚುಕಡಿಮೆ ಅರ್ಧ ಕಿಲೋ ತೂಗುತ್ತದೆ. ದಿನವಿಡೀ ಅದನ್ನು ಎಸೆಯುವವರ ಭುಜ ಏನಾಗಬೇಡ!

ಮೈ ಮೆತ್ತಗಾದರೆ ಹಲ್ಲಿಗೆ ಹರಿದುಹೋಗುವುದಿಲ್ಲವೇ? ಹರಿಯುತ್ತದೆ. ಅದಕ್ಕೇ ಒಳಗೊಂದು ಬೆನ್ನುಮೂಳೆ ಇಡುತ್ತಾರೆ. ಮೂಗಿನ ಬಳಿ ಸೀಸದ ತುಂಡು, ಅಲ್ಲಿಂದ ಮೈಯೊಳಗೆ ಹಾದುಹೋಗುವ ಉಕ್ಕಿನ ತಂತಿ, ತಂತಿಯ ಕುಣಿಕೆಗಳಿಂದ ಹೊಟ್ಟೆಯ ಕೆಳಗೆ ತೂಗುವ ಮೂರು ಮೊನೆಯ ಕೊಕ್ಕೆಗಳು. ಮೀನು ಎಳೆದಾಗ ಭಾರವೆಲ್ಲ ತಂತಿಯ ಮೇಲೆ ಬೀಳುತ್ತದೆ, ಪ್ಲಾಸ್ಟಿಕ್ ಬರೀ ವೇಷ.

ಬರೀ ಮೈಯನ್ನು ಕೊಂಡು ತಾವೇ ಕೊಕ್ಕೆಗೆ ಪೋಣಿಸುವವರೂ ಇದ್ದಾರೆ. ನಮ್ಮ ಗೈಡ್ ಅದನ್ನು ಮಕ್ಕಳಿಗೆ ತೋರಿಸಿಕೊಟ್ಟರು. ತುದಿಗೆ ಸೀಸದ ತಲೆಯಿರುವ ದೊಡ್ಡ ಕೊಕ್ಕೆಯನ್ನು ಮೊದಲು ಬೊಂಬೆಯ ಪಕ್ಕ ಹಿಡಿದು, ಮೊನೆ ಬೆನ್ನಿನಲ್ಲಿ ಎಲ್ಲಿ ಹೊರಬರಬೇಕೋ ಅಲ್ಲಿ ಉಗುರಿನಿಂದ ಗುರುತು. ನಂತರ ಮೂಗಿನ ನಟ್ಟನಡುವೆ ಚುಚ್ಚಿ, ಹೂ ಪೋಣಿಸುವಂತೆ ಮೈಯನ್ನು ನಿಧಾನವಾಗಿ ಮೇಲೆ ತಳ್ಳುತ್ತ ಹೋಗಿ, ಗುರುತಿನಲ್ಲೇ ಮೊನೆ ತೆಗೆದರು. ಕೂದಲೆಳೆ ಓರೆಯಾದರೂ ಬೊಂಬೆ ನೀರಿನಲ್ಲಿ ಬುಗುರಿಯಂತೆ ತಿರುಗುತ್ತದೆ; ತಿರುಗುವ ಮೀನನ್ನು ಯಾವ ಮಸ್ಕಿ ನಂಬುತ್ತದೆ? ತಲೆ ಕೂಡುವಲ್ಲಿ ಒಂದು ಹನಿ ಅಂಟು. ಬಾಲದ ಕಡೆಯಿಂದ ಕಚ್ಚುವ ಕಳ್ಳ ಮೀನಿಗಾಗಿ ಗಿಡ್ಡ ತಂತಿಯಲ್ಲಿ ಇನ್ನೊಂದು ಕೊಕ್ಕೆಯನ್ನು ಹಿಂದಕ್ಕೆ ಬಿಟ್ಟು, ಅದರ ಒಂದು ಮೊನೆಯನ್ನು ಮೈಗೆ ಮೆಲ್ಲಗೆ ಚುಚ್ಚಿಟ್ಟರು. ಬೊಂಬೆಯ ಮುಂದೆ ಒಂದಡಿ ಉದ್ದದ ಉಕ್ಕಿನ ತಂತಿ, ಅದರ ಮುಂದೆ 80 ಪೌಂಡ್ ತಡೆಯುವ ಹೆಣೆದ ದಾರ. ತಂತಿ ಇಲ್ಲದಿದ್ದರೆ ಮಸ್ಕಿಯ ಹಲ್ಲು ದಾರವನ್ನು ಕತ್ತರಿಸಿಬಿಡುತ್ತದೆ. ಆಗ ನಷ್ಟ ನಮಗಿಂತ ಮೀನಿಗೆ ಹೆಚ್ಚು: ಬಾಯಲ್ಲಿ ಕೊಕ್ಕೆಗಳನ್ನೂ ಪ್ಲಾಸ್ಟಿಕ್ಕನ್ನೂ ಹೊತ್ತು ತಿರುಗಬೇಕು.

ನೀರಿನಡಿಯ ಜೊಂಡು ಮುಗಿದು ಹಳೆಯ ನದಿಯ ಪಾತ್ರ ಆಳಕ್ಕೆ ಇಳಿಯುವ ಅಂಚಿನಲ್ಲಿ ದೋಣಿ ನಿಲ್ಲಿಸಿದರು. ಹುಡುಗ ಎಸೆದ. ಬೊಂಬೆ ಮುಳುಗುತ್ತಿದ್ದಂತೆ ಒಂದು, ಎರಡು, ಮೂರು ಎಂದು ಎಣಿಕೆ. ಎಷ್ಟು ಎಣಿಸಿದರೆ ಎಷ್ಟು ಆಳ ಎಂಬುದು ಅಭ್ಯಾಸದಿಂದ ಬರುತ್ತದೆ. ಆಮೇಲೆ ಕೋಲನ್ನು ಕೆಳಕ್ಕೆ ಜಗ್ಗಬೇಕು, ಬೊಂಬೆ ಮುಂದಕ್ಕೆ ಹಾರುತ್ತದೆ. ನಿಲ್ಲಿಸಿದರೆ ಬಾಲ ಅಲ್ಲಾಡಿಸುತ್ತ ಮೂಗು ಕೆಳಗಾಗಿ ಬೀಳುತ್ತದೆ. ಮತ್ತೆ ಜಗ್ಗು, ಮತ್ತೆ ಬೀಳಲು ಬಿಡು. ಗಾಯಗೊಂಡ ಮೀನು ಏಳಲು ಹೆಣಗಿ ಸೋಲುವ ಹಾಗೆ. ಇದಕ್ಕೆ ‘ಜಿಗ್’ ಮಾಡುವುದು ಎನ್ನುತ್ತಾರೆ.

ಕಷ್ಟ ಇರುವುದು ಬೀಳುವ ಗಳಿಗೆಯಲ್ಲಿ, ಮಸ್ಕಿ ಹೆಚ್ಚಾಗಿ ಹಿಡಿಯುವುದೂ ಆಗಲೇ. ದಾರ ಬಿಗಿಯಾದರೆ ಬೊಂಬೆ ಸಹಜವಾಗಿ ಬೀಳದು. ತೀರಾ ಸಡಿಲವಾದರೆ ಮೀನು ಕಚ್ಚಿ ಉಗುಳಿದ್ದೂ ತಿಳಿಯದು. ಗಾಳಿಪಟ ಹಾರಿಸಿದ ಮಕ್ಕಳಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಕಚ್ಚಿದ್ದು ಸಿಡಿಲಿನಂತೆ ಬಡಿಯುತ್ತದೆ ಎಂದುಕೊಂಡಿದ್ದೆ. ಎಷ್ಟೋ ಸಲ ಹಾಗಲ್ಲವಂತೆ, ಬೀಳುತ್ತಿದ್ದ ದಾರ ನಡುವೆಯೇ ನಿಂತುಬಿಡುತ್ತದೆ ಅಷ್ಟೆ. ನೀರು ತಣ್ಣಗಾದಂತೆ ಮೀನಿನ ಮೈಯೂ ತಣ್ಣಗಾಗಿ ಓಟ ಕಡಿಮೆ, ಆದ್ದರಿಂದ ಅಕ್ಟೋಬರಿನಲ್ಲಿ ಜಗ್ಗು ಮೆಲ್ಲಗೆ, ವಿರಾಮ ಉದ್ದ.

ಬೊಂಬೆ ದೋಣಿಯ ಬಳಿ ಬಂದ ಮೇಲೂ ಎತ್ತಿಕೊಳ್ಳುವಂತಿಲ್ಲ. ಕೋಲಿನ ತುದಿಯನ್ನು ನೀರಿಗೆ ಇಳಿಸಿ ದೊಡ್ಡದಾಗಿ 8 ಬರೆಯಬೇಕು. ಕನ್ನಡದ ಎಂಟಾದರೆ ಬಾಯಿ ಮುಚ್ಚುವುದಿಲ್ಲ, ಇದು ಸುತ್ತಿಕೊಳ್ಳುವ ಎಂಟು. ಮಸ್ಕಿ ದೂರದಿಂದ ಹಿಂಬಾಲಿಸಿ ಬಂದು ದೋಣಿಯ ಪಕ್ಕದಲ್ಲೇ ಯೋಚಿಸುತ್ತ ನಿಲ್ಲುವುದುಂಟು. ತಿರುವಿನಲ್ಲಿ ಮನಸ್ಸು ಬದಲಾಯಿಸುತ್ತದೆ. ಹುಡುಗ ಪ್ರತಿ ಎಸೆತಕ್ಕೂ ತಪ್ಪದೆ ಎಂಟು ಬರೆದ. ಶಾಲೆಯ ಮಗ್ಗಿಯನ್ನು ಇಷ್ಟು ಶ್ರದ್ಧೆಯಿಂದ ಬರೆದದ್ದನ್ನು ನಾನು ಕಂಡಿಲ್ಲ.

ಮೀನು ಬಂದದ್ದು ಮಧ್ಯಾಹ್ನ, ಗೈಡ್‌ರ ಗಾಳಕ್ಕೆ. ದಾರ ನಿಂತಿತು, ಕೋಲು ಬಾಗಿತು, ಕಂದು ಹಸಿರು ಮೈಯ ಒಂದು ದಿಮ್ಮಿ ನೀರಿನ ಮೇಲೆ ಹೊರಳಿತು. ಮುಂದಿನದೆಲ್ಲ ಆಸ್ಪತ್ರೆಯ ಕೆಲಸದ ಹಾಗೆ, ಮಾತಿಲ್ಲದೆ, ಅವಸರವಿಲ್ಲದೆ, ಆದರೆ ಬೇಗ. ರಬ್ಬರ್ ಲೇಪಿಸಿದ ಆಳದ ಬಲೆಯಲ್ಲಿ ಮೀನು ನೀರಿನೊಳಗೇ ಇತ್ತು. ಉದ್ದ ಇಕ್ಕಳದಿಂದ ಒಂದು ಕೊಕ್ಕೆ ಬಿಡಿಸಿದರು. ಇನ್ನೊಂದು ಕಿವಿರಿನ ಹತ್ತಿರ ನಾಟಿತ್ತು. ಅದನ್ನು ಎಳೆಯಲಿಲ್ಲ, ದೊಡ್ಡ ಕತ್ತರಿಯಿಂದ ಕೊಕ್ಕೆಯನ್ನೇ ತುಂಡರಿಸಿದರು. ಕೊಕ್ಕೆ ಅಂಗಡಿಯಲ್ಲಿ ಸಿಗುತ್ತದೆ. ಆದರೆ ನಾಲ್ಕಡಿಯ ಮಸ್ಕಿ ಆಗಲು ಹದಿನೈದು ವರ್ಷವಾದರೂ ಬೇಕಾದೀತು, ಆ ಗಾತ್ರದವು ಬಹುಪಾಲು ಮೊಟ್ಟೆಯಿಡುವ ತಾಯಂದಿರು.

ವಿಸ್ಕಾನ್ಸಿನ್ನಿನ ಹೆಚ್ಚಿನ ನೀರಿನಲ್ಲಿ 40 ಅಂಗುಲಕ್ಕಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ದೊಡ್ಡದು ಸಿಕ್ಕರೂ ಮಸ್ಕಿಗಾರರು ಬಿಟ್ಟುಬಿಡುವುದೇ ಈಗ ರೂಢಿ. ಬಾಯಿ ಹಿಡಿದು ನೇತಾಡಿಸಿ ಫೋಟೊ ತೆಗೆಸುವುದು ಹಳೆಯ ಚಾಳಿ, ಒಳಗಿನ ಅಂಗಗಳಿಗೆ ಪೆಟ್ಟು. ಈಗ ಹೊಟ್ಟೆಯ ಕೆಳಗೊಂದು ಕೈಕೊಟ್ಟು ಅಡ್ಡಲಾಗಿ, ಕೆಲವೇ ಸೆಕೆಂಡು. ಬೇಸಿಗೆಯಲ್ಲಿ ನೀರು 27 ಡಿಗ್ರಿ ಮುಟ್ಟಿದರೆ ಅನೇಕರು ಮಸ್ಕಿಗೆ ಗಾಳ ಹಾಕುವುದನ್ನೇ ನಿಲ್ಲಿಸುತ್ತಾರೆ. ಆ ಬಿಸಿಯಲ್ಲಿ ಸೆಣಸಿ ದಣಿದ ಮೀನು ಬಿಟ್ಟರೂ ಬದುಕದೇ ಹೋಗಬಹುದು. ನಮ್ಮ ಮೀನು ಗೈಡ್‌ರ ಕೈಯಲ್ಲಿ ಒಂದೆರಡು ನಿಮಿಷ ಕಿವಿರು ಆಡಿಸುತ್ತ ಇತ್ತು. ಆಮೇಲೆ ಬಾಲ ಒದ್ದು, ನಮ್ಮೆಲ್ಲರ ಮುಖಕ್ಕೆ ನೀರೆರಚಿ ಹೋಯಿತು.

“ತಿನ್ನೋದಿಲ್ಲ ಅಂದ್ರೆ ಹಿಡಿಯೋದ್ಯಾಕೆ?” ಎಂದು ಕೇಳಿದವಳು ಚಿಕ್ಕವಳು. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದು ಬಂದ ಮಗು ಅದು. ಗೈಡ್ ನಗಲಿಲ್ಲ. ಹದಿನಾರು ದಾಟಿದ ಪ್ರತಿಯೊಬ್ಬರೂ ಕೊಳ್ಳಬೇಕಾದ ಲೈಸೆನ್ಸಿನ ಹಣ ಮೀನಿನ ರಕ್ಷಣೆಗೆ ಹೋಗುತ್ತದೆ, 1950ರ ಒಂದು ಕಾನೂನಿನಂತೆ ಗಾಳದ ಸಾಮಾನುಗಳ ಮೇಲಿನ ತೆರಿಗೆಯೂ ಅದಕ್ಕೇ, ಹತ್ತಿರದ ಸ್ಪೂನರ್ ಊರಿನ ಮರಿಕೇಂದ್ರದಲ್ಲಿ ಮಸ್ಕಿ ಮರಿಗಳನ್ನು ಸಾಕಿ ಕೆರೆಗಳಿಗೆ ಬಿಡುತ್ತಾರೆ ಎಂದೆಲ್ಲ ವಿವರಿಸಿದರು. “ಹಿಡಿಯುವವರೇ ಇಲ್ಲದಿದ್ದರೆ ಇದನ್ನು ಕಾಯುವವರು ಯಾರು?” ಎಂದರು. ನನಗೆ ಅರ್ಧ ಒಪ್ಪಿಗೆಯಾಯಿತು. ಅವಳಿಗೆ ಅಷ್ಟೂ ಆಗಲಿಲ್ಲ. “ಮೀನಿಗೆ ನೋವಾಗುತ್ತಲ್ಲ” ಎಂದಳು. ಅದಕ್ಕೆ ಅವರು ಏನೂ ಹೇಳದೆ, ಒಂದು ಹೊಸ ಕೊಕ್ಕೆ ತೆಗೆದು, ಮೊನೆಯ ಪಕ್ಕದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ ಅವಳ ಕೈಗಿತ್ತರು. ಮುಳ್ಳಿಲ್ಲದ ಕೊಕ್ಕೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ.

ಬೊಂಬೆಯ ಬಾಲ ಅರ್ಧ ಹರಿದು ಜೋತಾಡುತ್ತಿತ್ತು. ಅದನ್ನು ಕಿತ್ತು ಕೆರೆಗೆ ಎಸೆಯುವಂತಿಲ್ಲ, ಆ ಪ್ಲಾಸ್ಟಿಕ್ ಕರಗುವುದಿಲ್ಲ, ಮೀನು ನುಂಗಿದರೆ ಹೊಟ್ಟೆಯಲ್ಲೇ ಉಳಿದೀತು. ಗಟ್ಟಿ ಪ್ಲಾಸ್ಟಿಕ್ಕಿನ ಗಾಳಗಳ ಜೊತೆ ಡಬ್ಬಿಯಲ್ಲಿ ಇಡುವಂತೆಯೂ ಇಲ್ಲ, ಇದರ ಎಣ್ಣೆ ಜಿನುಗಿ ಅವನ್ನು ಅಂಟು ಅಂಟಾಗಿ ಕೆಡಿಸುತ್ತದೆ. ಸಂಜೆ ದಡದ ಶೆಡ್ಡಿನಲ್ಲಿ, ಬಾಗಿಲು ಕಿಟಕಿ ತೆರೆದಿಟ್ಟು, ಗೈಡ್ ಹಳೆಯ ಚಾಕುವಿನ ಅಲಗನ್ನು ಉರಿಯಲ್ಲಿ ಕಾಯಿಸಿದರು. ಹರಿದ ಎರಡು ಅಂಚುಗಳ ನಡುವೆ ಅದನ್ನು ತೂರಿಸಿ, ಕರಗುತ್ತಿದ್ದಂತೆ ಅಲಗು ಎಳೆದು, ಒತ್ತಿ ಹಿಡಿದರು. ತುದಿಯ ಒಂದು ಚೂರು ಮೀನಿನ ಬಾಯಲ್ಲೇ ಹೋಗಿತ್ತು. ಅಲ್ಲಿಗೆ ಬೇರೊಂದು ಹಳೆಯ ಬೊಂಬೆಯ ಕಿತ್ತಳೆ ಬಾಲ ಕತ್ತರಿಸಿ ಕೂಡಿಸಿದರು. ಕಪ್ಪು ಮೈಗೆ ಕಿತ್ತಳೆ ಬಾಲ. ಮೊಮ್ಮಗಳು ಅದನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಬೆಸುಗೆ ಗಟ್ಟಿಯಾಗುವವರೆಗೆ ಹಿಡಿದು ನಿಂತಿದ್ದಳು.