ಬಲೂನಂಗಡಿಯ ಬಂದೂಕು

ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯ ಮುಂದೆ ನಿಂತು, ಐದು ಗುಂಡಿಗೆ ಎರಡೇ ಬಲೂನು ಒಡೆದ ಗೃಹಸ್ಥರು ಸಾಮಾನ್ಯವಾಗಿ ಆಡುವ ಮಾತು ಒಂದೇ: “ನಳಿಗೆ ಸೊಟ್ಟಗಿದೆ.” ಪಕ್ಕದಲ್ಲಿ ಹೆಂಡತಿಯೋ ಮಗಳೋ ನಿಂತಿದ್ದರಂತೂ ಈ ಮಾತು ಇನ್ನಷ್ಟು ಗಟ್ಟಿಯಾಗಿ ಹೊರಡುತ್ತದೆ. ಅಂಗಡಿಯವನು ನಕ್ಕು ಸುಮ್ಮನಾಗುತ್ತಾನೆ. ನಳಿಗೆ ಸೊಟ್ಟಗಿರುವುದು ಇಲ್ಲದಿಲ್ಲ. ಗುರಿ ನೋಡುವ ಮೊಳೆ ಸಡಿಲಾಗಿರುವುದಂತೂ ಉಂಟೇ ಉಂಟು. ಆದರೆ ಹತ್ತು ಹನ್ನೆರಡು ಅಡಿ ದೂರದ, ತೆಂಗಿನಕಾಯಿ ಗಾತ್ರದ ಬಲೂನು ತಪ್ಪುವುದಕ್ಕೆ ಅದಷ್ಟೇ ಕಾರಣವಾಗಿದ್ದರೆ, ಅದೇ ಬಂದೂಕಿನಿಂದ ಅಂಗಡಿಯವನ ಚಿಕ್ಕ ಹುಡುಗ ಸಾಲಿಗೆ ಸಾಲೇ ಒಡೆದು ಮುಗಿಸುವುದು ಹೇಗೆ?

ಆಳಂದ ತಾಲ್ಲೂಕಿನ ಖಜೂರಿಯಲ್ಲಿ ಈ ಪ್ರಶ್ನೆಗೆ ಉತ್ತರ ಬಲ್ಲ ಹಿರಿಯರೊಬ್ಬರಿದ್ದಾರೆ. ನಿವೃತ್ತ ಮಾಸ್ತರರು, ವಯಸ್ಸು ಎಪ್ಪತ್ತೆಂಟು. ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರಾದ್ದರಿಂದ ಕನ್ನಡ ಮಾತಾಡುತ್ತಾ ಮಾತಾಡುತ್ತಾ ಮರಾಠಿಗೆ ಹೊರಳಿ, ಉರ್ದುವಿನಲ್ಲಿ ಮುಗಿಸುವುದು ಅವರಿಗೆ ಸಹಜ. ಸುತ್ತ ಕಪ್ಪು ಮಣ್ಣು, ತೊಗರಿ, ಜೋಳ. ಮನೆಯ ಹಿಂದಿನ ಅಂಗಳದಲ್ಲಿ ಒಂದು ಮಣ್ಣಿನ ಗೋಡೆ. ಅದಕ್ಕೆ ಒರಗಿಸಿದ ಮರದ ಹಲಗೆ. ಹಲಗೆಯ ಮೇಲೆ ಹಳೆಯ ಪರೀಕ್ಷೆಯ ಕಾಗದದಿಂದ ಕತ್ತರಿಸಿದ ಚೌಕಗಳು. ಸಂಜೆ ಬಿಸಿಲು ಇಳಿದ ಮೇಲೆ ಆ ಕಡೆಯಿಂದ ‘ಠಪ್’ ಎಂಬ ಸದ್ದು ಕೇಳಿದರೆ ನೆರೆಯವರು ಚಹಾಕ್ಕೆ ನೀರಿಡುತ್ತಾರೆ. ಅದು ಅವರಿಗೆ ಗಡಿಯಾರವಿದ್ದಂತೆ.

ಮಾಸ್ತರರ ಬಂದೂಕೂ ಜಾತ್ರೆಯ ಬಂದೂಕೂ ಒಂದೇ ಜಾತಿಯವು. ನಳಿಗೆಯನ್ನು ಬುಡದಲ್ಲಿ ಮುರಿದಂತೆ ಕೆಳಕ್ಕೆ ಬಾಗಿಸಿದರೆ ಒಳಗಿನ ದಪ್ಪ ಸ್ಪ್ರಿಂಗು ಕುಗ್ಗಿ, ಅದರ ಮುಂದಿನ ಪಿಸ್ಟನ್ನು ಒಂದು ಕೊಂಡಿಗೆ ಸಿಕ್ಕಿ ನಿಲ್ಲುತ್ತದೆ. ಸೀಸದ ಗುಂಡನ್ನು ನಳಿಗೆಯ ಬುಡದಲ್ಲಿಟ್ಟು ಮತ್ತೆ ಮುಚ್ಚಬೇಕು. ಇಷ್ಟಾದರೂ ಬಂದೂಕಿನಲ್ಲಿ ಒತ್ತಿ ತುಂಬಿದ ಗಾಳಿಯೆಂಬುದು ಎಳ್ಳಷ್ಟೂ ಇರುವುದಿಲ್ಲ. ಇರುವುದು ಮನುಷ್ಯನ ತೋಳಿನ ಬಲ, ಸ್ಪ್ರಿಂಗಿನ ರೂಪದಲ್ಲಿ. ಟ್ರಿಗರು ಎಳೆದಾಗ ಕೊಂಡಿ ಕಳಚಿ ಪಿಸ್ಟನ್ನು ಮುಂದಕ್ಕೆ ಧಾವಿಸುತ್ತದೆ. ಸೈಕಲ್ ಪಂಪಿನ ಹಾಗೆ ಎದುರಿನ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಸಣ್ಣ ಕಿಂಡಿಯಿಂದ ನುಗ್ಗಿ ಗುಂಡನ್ನು ಹೊರದೂಡುತ್ತದೆ. ಗಾಳಿಯ ಆ ಬಲ ಹುಟ್ಟುವುದೂ ತೀರುವುದೂ ಅದೇ ಗಳಿಗೆಯಲ್ಲಿ.

ತೊಡಕಿರುವುದು ಇಲ್ಲಿಯೇ. ಪಿಸ್ಟನ್ನು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ನು ಗಾಳಿಯ ಮೆತ್ತೆಗೆ ಬಡಿದು ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಈ ತಳ್ಳಾಟ ಆರಂಭವಾದಾಗ ಗುಂಡು ಇನ್ನೂ ನಳಿಗೆಯನ್ನು ಬಿಟ್ಟಿರುವುದಿಲ್ಲ. ಟ್ರಿಗರು ಕಳಚಿದ್ದಕ್ಕೂ ಗುಂಡು ಹೊರಬೀಳುವುದಕ್ಕೂ ನಡುವೆ ಹೋಗುವ ಕಾಲ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು. ಅಷ್ಟು ಸಾಕು. ಬಂದೂಕನ್ನು ಬಿಗಿಯಾಗಿ ಅದುಮಿ ಹಿಡಿದವನ ಗುಂಡು ಒಂದು ಕಡೆ, ಸಡಿಲಾಗಿ ಹಿಡಿದವನದು ಇನ್ನೊಂದು ಕಡೆ. ಟ್ರಿಗರು ಎಳೆದೊಡನೆ ‘ಒಡೆಯಿತೇ?’ ಎಂದು ತಲೆಯೆತ್ತಿ ನೋಡುವವನದು ಮತ್ತೆಲ್ಲಿಗೋ. ಗೃಹಸ್ಥರ ಬಲೂನು ಉಳಿಯುವುದು ಹೆಚ್ಚಾಗಿ ಈ ಆತುರದಿಂದಲೇ ಹೊರತು ಸೊಟ್ಟ ನಳಿಗೆಯಿಂದಲ್ಲ. ಅಂಗಡಿಯ ಹುಡುಗನಿಗೆ ಈ ಶಾಸ್ತ್ರ ಗೊತ್ತಿಲ್ಲ. ಆದರೆ ಅವನು ಬಂದೂಕನ್ನು ಎಡ ಅಂಗೈಯ ಮೇಲೆ ಸುಮ್ಮನೆ ಮಲಗಿಸಿ, ಹೊಡೆದ ಮೇಲೂ ಕದಲದೆ ನಿಂತಿರುತ್ತಾನೆ.

ಈ ತಳ್ಳಾಟದ ದೆಸೆಯಿಂದ ದುರ್ಬೀನುಗಳೂ ಹಾಳಾಗುತ್ತವೆ. ದೊಡ್ಡ ಬೇಟೆಯ ರೈಫಲ್ಲಿನ ಮೇಲೆ ವರ್ಷಗಟ್ಟಲೆ ಬಾಳುವ ದುರ್ಬೀನು ಈ ಬಡ ಗಾಳಿಬಂದೂಕಿನ ಮೇಲೆ ಕೆಲವೇ ದಿನಗಳಲ್ಲಿ ಸಡಿಲವಾಗುವುದುಂಟು. ಹಿಂದಕ್ಕೆ ಒದೆಯುವುದನ್ನು ಅದು ತಾಳಿಕೊಳ್ಳಬಲ್ಲದು. ಮುಂದಕ್ಕೆ ಜಗ್ಗುವುದನ್ನು ಅದಕ್ಕೆ ಯಾರೂ ಕಲಿಸಿರುವುದಿಲ್ಲ.

ಹಾಗಾದರೆ ಇಂಥ ಒರಟು ಯಂತ್ರವನ್ನು ಯಾರಾದರೂ ಬಯಸಿ ಬಯಸಿ ಇಟ್ಟುಕೊಳ್ಳುವುದೇಕೆ?

ಗಾಳಿಯನ್ನು ಮೊದಲೇ ತುಂಬಿಟ್ಟುಕೊಳ್ಳುವ ಬಂದೂಕು ಹೊಸದೇನೂ ಅಲ್ಲ. 1780ರ ಹೊತ್ತಿಗೆ ಆಸ್ಟ್ರಿಯದ ಸೈನ್ಯಕ್ಕಾಗಿ ಜಿರಾರ್ಡೋನಿ ಎಂಬಾತ ಅಂಥದೊಂದನ್ನು ರಚಿಸಿದ್ದ. ಅದರ ಹಿಂಬದಿಯೇ ಗಾಳಿಯ ಬುರುಡೆ. ಒಮ್ಮೆ ತುಂಬಿಸಬೇಕಾದರೆ ಪಂಪನ್ನು ಸಾವಿರದ ಐನೂರು ಸಲದಷ್ಟು ಒತ್ತಬೇಕಾಗಿತ್ತಂತೆ. ಸಿಪಾಯಿಗಳು ಅದನ್ನು ಎಷ್ಟು ಶಪಿಸಿದರೋ! 1804ರಲ್ಲಿ ಅಮೆರಿಕದ ಪಶ್ಚಿಮವನ್ನು ಅರಸಿ ಹೊರಟ ಲೂಯಿಸ್ ಮತ್ತು ಕ್ಲಾರ್ಕರು ಗಾಳಿಬಂದೂಕೊಂದನ್ನು ಒಯ್ದು, ದಾರಿಯ ಮೂಲನಿವಾಸಿಗಳ ಮುಂದೆ ಹೊಡೆದು ತೋರಿಸಿ ಬೆರಗುಗೊಳಿಸಿದ್ದರು. ಸ್ಪ್ರಿಂಗಿನ ಬಂದೂಕು ಮನೆಮಾತಾದದ್ದು ಅದಕ್ಕೂ ನೂರು ವರ್ಷಗಳ ನಂತರ. ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ 1904ರಲ್ಲಿ ಪಡೆದ ಪೇಟೆಂಟಿನಿಂದ ಬಿ.ಎಸ್.ಎ. ಕಂಪೆನಿಯ ಬಂದೂಕು ಬಂತು. ಆ ಸೀಮೆಯ ಪಾನಗೃಹಗಳಲ್ಲಿ ಗಂಟೆಗೆ ಗುರಿಯಿಟ್ಟು ಹೊಡೆಯುವ ಪಂದ್ಯಗಳೇ ನಡೆದವು. ಜರ್ಮನಿಯ ಡಯಾನಾ ಕಂಪೆನಿಯಂತೂ ಬೇಟೆಯ ದೇವತೆ ಬಿಲ್ಲನ್ನು ಬಿಸುಟು ಗಾಳಿಬಂದೂಕನ್ನು ಮೇಲಕ್ಕೆತ್ತಿರುವ ಚಿತ್ರವನ್ನೇ ತನ್ನ ಮುದ್ರೆ ಮಾಡಿಕೊಂಡಿತು.

ನಮ್ಮ ದೇಶದಲ್ಲಿ ಇದನ್ನು ಮಾಡಿದವರಲ್ಲಿ ಒಬ್ಬರ ಹೆಸರು ಕೇಳಿದರೆ ವಾಚಕರು ನಗಬಹುದು. ಇಂಡಿಯನ್ ಹ್ಯೂಮ್ ಪೈಪ್ ಕಂಪೆನಿ! ಊರೂರಿಗೆ ನೀರು ಹರಿಸುವ ಸಿಮೆಂಟಿನ ಕೊಳವೆಗಳ ಕಂಪೆನಿ. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು 1926ರಲ್ಲಿ ಕಟ್ಟಿದ ಈ ಸಂಸ್ಥೆ ಒಂದು ಕಾಲಕ್ಕೆ ಗಾಳಿಬಂದೂಕುಗಳನ್ನೂ ಮಾಡಿ ಮಾರುತ್ತಿತ್ತು. ಮಾಸ್ತರರ ಬಂದೂಕು ಆ ಕಂಪೆನಿಯದೇ. 1974ರಲ್ಲಿ, ನೌಕರಿಯ ಹೊಸದರಲ್ಲಿ, ಸಂಬಳದಲ್ಲಿ ತಿಂಗಳುಗಟ್ಟಲೆ ಉಳಿಸಿ ಸೊಲ್ಲಾಪುರದಿಂದ ತಂದದ್ದು. ಆ ವರ್ಷದ ಹಬ್ಬಕ್ಕೆ ಮನೆಯಲ್ಲಿ ಹೊಸ ಸೀರೆ ಬರಲಿಲ್ಲ ಎಂಬುದನ್ನು ಅವರ ಪತ್ನಿ ಐವತ್ತು ವರ್ಷಗಳಾದರೂ ಮರೆತಿಲ್ಲ.

ಮಾಸ್ತರರ ಅಣ್ಣನ ಮಗ ಪುಣೆಯಲ್ಲಿ ಇಂಜಿನಿಯರು. ಅವನಿಗೂ ಗುರಿಯ ಹುಚ್ಚು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಗಾಳಿರೈಫಲ್ಲಿನಲ್ಲಿ ಚಿನ್ನ ಗೆದ್ದಾಗ ಅವನು ಶಾಲೆಯ ಹುಡುಗ. ಅಂದು ಹತ್ತಿದ ಹುಚ್ಚು ಇಳಿದಿಲ್ಲ. ಈಗ ಕ್ಲಬ್ಬೊಂದರ ಸದಸ್ಯ. ಅವನ ರೈಫಲ್ಲಿಗೆ ಸ್ಪ್ರಿಂಗಿಲ್ಲ. ನಳಿಗೆಯ ಕೆಳಗೆ ಲೋಹದ ಸಿಲಿಂಡರು, ಅದರಲ್ಲಿ ಇನ್ನೂರು ಬಾರ್ ಒತ್ತಡದ ಗಾಳಿ. ಕಾರಿನ ಚಕ್ರದಲ್ಲಿರುವ ಒತ್ತಡದ ತೊಂಬತ್ತು ಪಟ್ಟು ಎಂದರೆ ಅಂದಾಜು ಸಿಕ್ಕೀತು. ಟ್ರಿಗರು ಮುಟ್ಟಿದರೆ ಕವಾಟವೊಂದು ತೆರೆದು ಮುಚ್ಚುತ್ತದೆ, ಅಷ್ಟೆ. ಒದೆತವಿಲ್ಲ, ಜಗ್ಗಾಟವಿಲ್ಲ. ಆ ಪಂದ್ಯದಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು; ಅದನ್ನು ಮತ್ತೆ ಮತ್ತೆ ತಾಗಬೇಕಾದವನಿಗೆ ಇಂಥ ಯಂತ್ರವಿಲ್ಲದೆ ಗತಿಯಿಲ್ಲ. ಸ್ಪ್ರಿಂಗನ್ನೇ ಪಳಗಿಸಲು ಜರ್ಮನಿಯ ಫೈನ್‌ವೆರ್ಕ್‌ಬೌ ಕಂಪೆನಿಯವರು 1960ರ ದಶಕದಲ್ಲಿ ಬಂದೂಕಿನ ಯಂತ್ರಭಾಗವೆಲ್ಲ ಹಳಿಯ ಮೇಲೆ ಹಿಂದಕ್ಕೆ ಜಾರುವಂತೆ ಮಾಡಿ ಬಹುಕಾಲ ಪಂದ್ಯಗಳನ್ನು ಆಳಿದ್ದೂ ನಿಜ. ಆದರೆ ಕೊನೆಗೆ ಸಿಲಿಂಡರೇ ಗೆದ್ದಿತು. ಇದರಲ್ಲಿ ವಾದವೇನೂ ಇಲ್ಲ, ಮಾಸ್ತರರೂ ವಾದಿಸುವುದಿಲ್ಲ.

ಎರಡು ವರ್ಷಗಳ ಹಿಂದೆ ಮಾಸ್ತರರ ಬಲಭುಜ ನೋಯತೊಡಗಿತು. ನಳಿಗೆ ಬಾಗಿಸುವುದೆಂದರೆ ಹತ್ತು ಹದಿನೈದು ಕಿಲೋ ಭಾರ ಎಳೆದಷ್ಟು ಶ್ರಮ. ದಿನಕ್ಕೆ ಐವತ್ತು ಗುಂಡು ಹೊಡೆಯುತ್ತಿದ್ದವರು ಇಪ್ಪತ್ತಕ್ಕಿಳಿದರು. ಕಲಬುರಗಿಯ ವೈದ್ಯರು ಅದನ್ನೂ ಬಿಡಿ ಎಂದರು. ಸುದ್ದಿ ತಿಳಿದ ಹುಡುಗ ದೀಪಾವಳಿಗೆ ಬರುವಾಗ ತನ್ನ ರೈಫಲ್ಲನ್ನೇ ಹೊತ್ತು ತಂದ. ಕಾಕಾ ಒಪ್ಪಿದರೆ ಅಂಥದೇ ಒಂದನ್ನು ಕೊಡಿಸುವ ಆಸೆ ಅವನದು.

ಮಾಸ್ತರರು ಹತ್ತು ಗುಂಡು ಹೊಡೆದರು. ಹಲಗೆಯ ಮೇಲಿನ ಕಾಗದದಲ್ಲಿ ತೊಗರಿಕಾಳಿಗಿಂತ ಕೊಂಚ ದೊಡ್ಡದಾದ ಒಂದೇ ತೂತು. ಬಹಳ ಹೊತ್ತು ಅದನ್ನೇ ನೋಡಿದರು.

“ಭಾಳ ಛಲೋ ಅದ,” ಎಂದರು.

“ಇಟ್ಕೋರಿ ಕಾಕಾ. ಒಮ್ಮೆ ತುಂಬಿಸಿದ್ರ ನೂರಾರು ಗುಂಡು ಹೊಡಿಬಹುದು. ತೋಳಿಗೆ ತ್ರಾಸಿಲ್ಲ.”

“ಗಾಳಿ ಮುಗದ್ರ?”

“ತುಂಬಿಸ್ಕೊಂಡು ಬರಬೇಕ್ರಿ.”

“ಎಲ್ಲಿಂದ?”

“ಸದ್ಯಕ್ಕ ಪುಣೆದಾಗ ಅದ ರೀ.”

“ಅಂದ್ರ ಖಜೂರಿಯೊಳಗ ಗುಂಡು ಹೊಡೀಲಿಕ್ಕ ಪುಣೆದ ಗಾಳಿ ಬೇಕೇನಪಾ?”

ಕೈಪಂಪೂ ಸಿಗುತ್ತದೆಂದು ಹುಡುಗ ಹೇಳಿದ. ಆದರೆ ಆ ಪಂಪನ್ನು ಒತ್ತುವುದಕ್ಕೂ ಅದೇ ನೋಯುವ ಭುಜವೇ ಬೇಕು. ಸಿಲಿಂಡರಿಗೆ ತಯಾರಕರು ಗೊತ್ತುಮಾಡಿದ ಆಯುಷ್ಯವಿದೆ, ದಿನಾಂಕ ದಾಟಿದರೆ ಅದನ್ನು ಪಂದ್ಯಕ್ಕೆ ಬಿಡುವುದಿಲ್ಲ ಎಂಬುದೂ ಮಾತಿನ ನಡುವೆ ಹೊರಬಿತ್ತು. ಮಾಸ್ತರರು ಒಳಗೆ ಹೋಗಿ ತಮ್ಮ ಹಳೆಯ ಬಂದೂಕಿನ ಡಬ್ಬಿ ತಂದರು. ಒಂದು ತಿರುಪುಳಿ, ಎಣ್ಣೆಯ ಸೀಸೆ, ಚರ್ಮದ ಎರಡು ಬಿಲ್ಲೆಗಳು. ಪಿಸ್ಟನ್ನಿನ ತಲೆಗೆ ಹಾಕುವ ವಾಷರು ಅದು. ಊರಿನಲ್ಲಿ ಚಪ್ಪಲಿ ಹೊಲಿಯುವವನೇ ಕತ್ತರಿಸಿ ಕೊಟ್ಟದ್ದು. ಐವತ್ತು ವರ್ಷಗಳಲ್ಲಿ ಆ ಬಂದೂಕಿಗೆ ಬೇಕಾದದ್ದು ಎರಡು ಸ್ಪ್ರಿಂಗು, ಏಳೆಂಟು ವಾಷರು. ಎಣ್ಣೆ ಹೆಚ್ಚಾದರೆ ಒತ್ತಿದ ಗಾಳಿಯ ಕಾವಿಗೆ ಹೊತ್ತಿ ಹೊಗೆಯಾಡುತ್ತದೆ, ಗುಂಡಿಲ್ಲದೆ ಹೊಡೆದರೆ ಪಿಸ್ಟನ್ನು ಬಡಿದು ಸ್ಪ್ರಿಂಗು ಕೆಡುತ್ತದೆ, ಎಳೆದಿಟ್ಟು ಮರೆತರೆ ಸ್ಪ್ರಿಂಗು ಸೋಲುತ್ತದೆ. ನೆನಪಿಡಬೇಕಾದದ್ದು ಇಷ್ಟೇ.

ಆದರೆ ರಿಪೇರಿಯ ಸುಲಭವೊಂದೇ ಆಗಿದ್ದರೆ ಈ ಬಂದೂಕಿಗೆ ಇಷ್ಟು ಜನ ಒಲಿಯುತ್ತಿರಲಿಲ್ಲ. ಸಿಲಿಂಡರಿನ ಬಂದೂಕು ಗುರಿಕಾರನ ಎಷ್ಟೋ ತಪ್ಪುಗಳನ್ನು ಮುಚ್ಚಿಕೊಂಡು ಹೋಗುತ್ತದೆ, ಸ್ಪ್ರಿಂಗಿನದು ಮುಚ್ಚುವುದಿಲ್ಲ. ಭುಜಕ್ಕೆ ಒಂದಿಷ್ಟು ಹೆಚ್ಚು ಒತ್ತಿದರೆ, ಕೆನ್ನೆ ತುಸು ಬೇರೆ ಕಡೆ ಇಟ್ಟರೆ, ಉಸಿರು ಬೇಗ ಬಿಟ್ಟರೆ, ಕಾಗದದ ಮೇಲೆ ಅದು ಬರೆದಿಟ್ಟಿರುತ್ತದೆ. ಪ್ರತಿ ಗುಂಡಿಗೂ ಬಂದೂಕನ್ನು ಇಳಿಸಿ, ನಳಿಗೆ ಬಾಗಿಸಿ, ಮತ್ತೆ ಮೊದಲಿನಿಂದ ನಿಲ್ಲಬೇಕು. ಹಾಗಾಗಿ ಒಂದು ಗುಂಡಿನ ಕೋಪ ಇನ್ನೊಂದು ಗುಂಡಿಗೆ ಅಂಟುವುದಿಲ್ಲ. ಮಾಸ್ತರರು ಇದನ್ನು ಕವಣೆಗೆ ಹೋಲಿಸುತ್ತಾರೆ. ಬಾಲ್ಯದಲ್ಲಿ ಜೋಳದ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಿದವರು ಅವರು. ಕಲ್ಲು ಬಿಟ್ಟ ಮೇಲೂ ಕೈ ಅದರ ಹಿಂದೆಯೇ ಹೋಗಬೇಕು. ನಡುವೆ ನಿಲ್ಲಿಸಿದರೆ ಕಲ್ಲು ಪಕ್ಕದ ಹೊಲಕ್ಕೆ.

ಅಂದ ಹಾಗೆ, ಹಕ್ಕಿಗೆ ಅವರು ಈ ಬಂದೂಕನ್ನು ಎತ್ತುವುದಿಲ್ಲ. ಜೋಳಕ್ಕೆ ಗಿಳಿ ಬಿದ್ದ ವರ್ಷ ರೈತರು ಬಂದು ಕೇಳಿದ್ದುಂಟು. 20 ಜೂಲಿಗಿಂತ ಹೆಚ್ಚು ಶಕ್ತಿಯಿಲ್ಲದ, 4.5 ಮಿಲಿಮೀಟರಿನ ಗಾಳಿಬಂದೂಕಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸು ಬೇಡವೆಂಬುದು ನಿಜ. ಅದರಿಂದ ಗಿಳಿ ಹೊಡೆಯಬಹುದೆಂದಲ್ಲ. 1972ರ ವನ್ಯಜೀವಿ ಕಾನೂನಿದೆ. ಮಾಸ್ತರರು ಕೇಳಿದವರ ಕೈಗೆ ಕವಣೆ ಹೆಣೆದು ಕೊಟ್ಟು ಕಳಿಸಿದರು.

ದೀಪಾವಳಿಯ ಮರುದಿನ ಹುಡುಗ ಕುತೂಹಲಕ್ಕೆಂದು ಹಳೆಯ ಬಂದೂಕು ಕೈಗೆತ್ತಿಕೊಂಡ. ಕ್ಲಬ್ಬಿನಲ್ಲಿ ಬಹುಮಾನ ಪಡೆದ ಗುರಿಕಾರ. ಆದರೂ ಹತ್ತು ಗುಂಡು ಅಂಗೈಯಗಲ ಚೆದುರಿದವು. ಎರಡು ಹಲಗೆಯನ್ನೇ ಬಿಟ್ಟು ಮಣ್ಣಿಗೆ ಹೋದವು. ಅವನ ಕಿವಿ ಕೆಂಪಾಯಿತು. “ನಳಿಗೆ...” ಎಂದು ಬಾಯಿ ತೆರೆದವನು ಕಾಕಾರ ಮುಖ ನೋಡಿ ನುಂಗಿಕೊಂಡ. ಇಳಿಹೊತ್ತಿನವರೆಗೂ ಅವನು ಅಂಗಳ ಬಿಟ್ಟು ಕದಲಲಿಲ್ಲ. ಟ್ರಿಗರು ಎಳೆದ ಮೇಲೆ ‘ಒಂದು, ಎರಡು’ ಎಂದು ಎಣಿಸಿಯೇ ತಲೆ ಎತ್ತಬೇಕೆಂಬುದು ಕಾಕಾ ಹೇಳಿದ ಒಂದೇ ಪಾಠ. ಸಂಜೆಯ ಹೊತ್ತಿಗೆ ಗುಂಡುಗಳು ಒಂದು ರೂಪಾಯಿಯ ಬಿಲ್ಲೆಯಗಲಕ್ಕೆ ಕೂಡಿಬಂದವು.

ಅದಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆಯಾದರೂ ಅವನು ಖಜೂರಿಗೆ ಬರುತ್ತಾನೆ. ತನ್ನ ರೈಫಲ್ಲನ್ನು ತರುವುದಿಲ್ಲ. ಅವನು ಬಂದ ದಿನಗಳಲ್ಲಿ ನಳಿಗೆ ಬಾಗಿಸಿ ಕೊಡುವ ಕೆಲಸ ಅವನದು, ಹೊಡೆಯುವ ಸರದಿ ಇಬ್ಬರದೂ. “ಈಗ ನಿಮಗೂ ಪುಣೆದ ಗಾಳಿನೇ ಬೇಕಾತಲ್ರಿ ಕಾಕಾ,” ಎಂದು ಅವನು ನಗುತ್ತಾನೆ. ಮಾಸ್ತರರು ಉತ್ತರ ಕೊಡುವುದಿಲ್ಲ; ಎಣಿಸುತ್ತಿರುತ್ತಾರೆ. ಅವನಿಲ್ಲದ ದಿನಗಳಲ್ಲಿ ಎಡಗೈಯಿಂದ ಬಾಗಿಸಿಕೊಂಡು ಐದೇ ಗುಂಡು. ನೆರೆಯವರು ಈಗ ಮೊದಲನೆಯ ಸದ್ದಿಗೇ ಚಹಾಕ್ಕೆ ನೀರಿಡುತ್ತಾರೆ.