ಕಾಫಿ ಎಂಬ ಕೈಸಾಲ

ಮಲೆನಾಡಿನಲ್ಲಿ ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸಿದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಂತೆ. ಮಳೆ ಬಂದರೆ ಕಾಫಿ, ತಲೆನೋವು ಬಂದರೆ ಕಾಫಿ, ಅಣ್ಣತಮ್ಮಂದಿರು ಜಗಳವಾಡಿ ರಾಜಿಯಾದರೆ ಕಾಫಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಲ್ಲಿಗೂ ಪಕ್ಕದ ಮನೆಯಿಂದ ಮೊದಲು ಬರುವುದು ಒಂದು ಕ್ಯಾನು ಕಾಫಿಯೇ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯ ನಮ್ಮದು. ಬಾಬಾ ಬುಡನ್ ಅವರು 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಕಥೆ ಇಲ್ಲಿನ ಸಣ್ಣ ಮಕ್ಕಳಿಗೂ ಗೊತ್ತು. ಇಂಥ ಸೀಮೆಯಲ್ಲಿ ಇದ್ದುಕೊಂಡು ಕಾಫಿಯ ಗುಣದೋಷ ವಿಚಾರಿಸುವುದು ಮನೆಯ ಹಿರಿಯರ ಲೆಕ್ಕ ಕೇಳಿದ ಹಾಗೆ. ಆದರೂ ವಿಚಾರಿಸಲೇಬೇಕಾದ ಸಂದರ್ಭ ನನಗೆ ಬಂತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ನನಗಿಂತ ಆರು ವರ್ಷಕ್ಕೆ ದೊಡ್ಡವಳಾದ ಅಕ್ಕ ಭಾವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ಉಳಿದಳು. ಮೊದಲ ಕೆಲವು ತಿಂಗಳು ಅವಳ ಮೌನವನ್ನು ಎಲ್ಲರೂ ದುಃಖವೆಂದೇ ತಿಳಿದೆವು, ಅದು ಸಹಜವೂ ಆಗಿತ್ತು. ಆದರೆ ವರ್ಷಾಂತಿಕ ಕಳೆದರೂ ಮೋಡ ಸರಿಯಲಿಲ್ಲ. ಬೆಳಿಗ್ಗೆ ಎಚ್ಚರವಾದರೂ ಹಾಸಿಗೆ ಬಿಡಲಾರಳು. ತಲೆ ಬಾಚಿಕೊಳ್ಳುವುದೂ ಬೆಟ್ಟ ಹತ್ತಿದಷ್ಟು ಕಷ್ಟ. ದಿನಕ್ಕೆ ಎರಡು ಲೋಟ ಕಾಫಿ ಕುಡಿಯುತ್ತಿದ್ದವಳು ಆರಕ್ಕೆ ಏರಿದಳು. ಒಂದು ಸಂಜೆ ಮುಂದಿಟ್ಟ ಲೋಟದಲ್ಲಿ ಕೆನೆ ಕಟ್ಟಿತ್ತು. ‘ಯಾಕಕ್ಕ, ಚೆನ್ನಾಗಿಲ್ವಾ?’ ಎಂದೆ. ‘ರುಚಿ ಗೊತ್ತಾಗೋದಿಲ್ಲ ಕಣೋ ತಮ್ಮ. ಎದ್ದು ಕೂರೋದಕ್ಕೆ ಕುಡೀತೀನಿ, ಅಷ್ಟೆ’ ಎಂದಳು. ಕಾಫಿಯ ಹದ ತಪ್ಪಿದರೆ ಇಡೀ ಮನೆಗೆ ಪಾಠ ಹೇಳುತ್ತಿದ್ದವಳ ಬಾಯಲ್ಲಿ ಈ ಮಾತು ಕೇಳಿ ನನಗೆ ಭಯವಾಯಿತು. ಇಷ್ಟವಾದದ್ದರಲ್ಲೂ ಇಷ್ಟ ಉಳಿಯದಿರುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ಮಾರನೇ ವಾರವೇ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಇದನ್ನೆಲ್ಲ ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ‘ಬರಿ, ಇನ್ನೊಬ್ಬರಿಗೆ ಉಪಯೋಗವಾಗಲಿ’ ಎಂದಿದ್ದಾಳೆ.

ಕಾಯಿಲೆಗೆ ಹೆಸರು ಬಿದ್ದೊಡನೆ ಮನೆಯಲ್ಲಿ ಎರಡು ಪಕ್ಷಗಳಾದವು. ನಮ್ಮ ಚಿಕ್ಕಮ್ಮ ‘ಎಲ್ಲಾ ಆ ಕಾಫಿಯಿಂದ. ಪಿತ್ತ ನೆತ್ತಿಗೇರಿ ನಿದ್ದೆ ಕೆಟ್ಟಿದೆ. ನಾಳೆಯಿಂದಲೇ ಬಿಡಿಸು’ ಎಂದರು. ನನ್ನ ಹೆಂಡತಿ ‘ಅತ್ತಿಗೆ ಬೆಳಿಗ್ಗೆ ಏಳೋದೇ ಕಾಫಿ ಆಸೆಗೆ. ಅದನ್ನೂ ಕಿತ್ತುಕೊಂಡರೆ ಅವರಿಗೆ ಇನ್ನೇನು ಉಳಿಯುತ್ತೆ?’ ಎಂದಳು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಎಷ್ಟೆಷ್ಟು ಎಂದು ತಿಳಿಯಲು ಕೆಫೀನಿನ ಕೆಲಸವನ್ನು ಸ್ವಲ್ಪ ನೋಡಬೇಕು.

1819ರ ಸುಮಾರಿಗೆ ರುಂಗೆ ಎಂಬ ಜರ್ಮನಿಯ ತರುಣ ರಸಾಯನ ವಿಜ್ಞಾನಿಗೆ ಕವಿ ಗಯಟೆ ಒಂದಿಷ್ಟು ಕಾಫಿ ಬೀಜ ಕೊಟ್ಟು ಇದರಲ್ಲಿ ಏನಿದೆ ನೋಡು ಎಂದರಂತೆ. ಅವನು ಅದರಿಂದ ಬೇರ್ಪಡಿಸಿದ ಬಿಳಿಯ ಪದಾರ್ಥವೇ ಕೆಫೀನ್. ಅದು ಶಕ್ತಿ ಕೊಡುತ್ತದೆಂದು ನಾವು ಹೇಳುವುದು ರೂಢಿ. ವಾಸ್ತವವಾಗಿ ಹಾಲು ಸಕ್ಕರೆ ಇಲ್ಲದ ಕಾಫಿಯಲ್ಲಿ ಕ್ಯಾಲೊರಿ ಇಲ್ಲವೆಂದೇ ಹೇಳಬೇಕು. ಹಾಗಾದರೆ ಚುರುಕು ಬರುವುದು ಎಲ್ಲಿಂದ?

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನ ಜೀವಕೋಶಗಳು ಶಕ್ತಿಯನ್ನು ಖರ್ಚು ಮಾಡುತ್ತಿರುತ್ತವೆ. ಆ ಖರ್ಚಿನ ಚೀಟಿಯಂತೆ ಅಡಿನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತದೆ. ಅದು ನರಕೋಶಗಳ ಮೇಲಿನ ಗ್ರಾಹಕಗಳಲ್ಲಿ ಕೂತು ‘ಸಾಕು, ಇನ್ನು ಮಲಗು’ ಎಂದು ಹೇಳುತ್ತದೆ. ಕೆಫೀನಿನ ಆಕಾರ ಅಡಿನೋಸಿನ್ನಿನದಕ್ಕೆ ಹತ್ತಿರ. ಆ ಗ್ರಾಹಕಗಳಲ್ಲಿ ಅದು ತಾನೇ ಹೋಗಿ ಕೂರುತ್ತದೆ, ಆದರೆ ಮಲಗು ಎಂದು ಹೇಳುವುದಿಲ್ಲ. ಬೀಗಕ್ಕೆ ಬೇರೆ ಕೀಲಿ ಸಿಕ್ಕಿಸಿದ ಹಾಗೆ. ತಿರುಗುವುದೂ ಇಲ್ಲ, ಸರಿಯಾದ ಕೀಲಿಗೆ ಜಾಗ ಬಿಡುವುದೂ ಇಲ್ಲ. ಉತ್ಸಾಹಕ್ಕೆ ಸಂಬಂಧಿಸಿದ ಡೋಪಮೈನ್‌ನ ಕೆಲಸವನ್ನೂ ಅಡಿನೋಸಿನ್ ಹಿಡಿದಿಟ್ಟಿರುತ್ತದೆ. ಆ ಹಿಡಿತ ಸಡಿಲವಾಗುವುದರಿಂದ ಮನಸ್ಸು ಅಷ್ಟು ಹೊತ್ತು ಹಗುರಾಗುತ್ತದೆ. ಆದರೆ ದಣಿವು ಎಲ್ಲಿಗೂ ಹೋಗಿರುವುದಿಲ್ಲ. ಕೆಫೀನ್ ಇಳಿಯುತ್ತಿದ್ದಂತೆ ಬಾಕಿ ಚೀಟಿಗಳು ಒಟ್ಟಾಗಿ ಬಾಗಿಲಿಗೆ ಬರುತ್ತವೆ. ಅದಕ್ಕೇ ನಾನು ಇದನ್ನು ಸಂಬಳವಲ್ಲ, ಕೈಸಾಲ ಎನ್ನುವುದು. ಆರೋಗ್ಯವಂತ ಮನುಷ್ಯ ರಾತ್ರಿ ನಿದ್ದೆ ಮಾಡಿ ಸಾಲ ತೀರಿಸುತ್ತಾನೆ. ಖಿನ್ನತೆ ಇರುವವರಿಗೆ ನಿದ್ದೆಯೇ ಕೆಟ್ಟಿರುತ್ತದೆ, ತೀರಿಸುವುದು ಯಾವುದರಿಂದ?

ಈಗ ಲೆಕ್ಕ. ಅಡುಗೆಮನೆಯ ತಕ್ಕಡಿಯಲ್ಲಿ ಅಕ್ಕನ ಒಂದು ಲೋಟಕ್ಕೆ ಬೀಳುವ ಪುಡಿ ತೂಗಿದೆ, ಸುಮಾರು 10 ಗ್ರಾಂ. ಅದರಲ್ಲಿ ಶೇ 30 ಚಿಕೋರಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಉಳಿದ 7 ಗ್ರಾಂ ಅರೇಬಿಕಾ ಆದರೆ, ಅದರಲ್ಲಿ ಕೆಫೀನ್ ಸುಮಾರು ಶೇ 1.2 ಇರುವುದರಿಂದ, 84 ಮಿಲಿಗ್ರಾಂ. ರೋಬಸ್ಟಾ ಆದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಎಲ್ಲವೂ ಡಿಕಾಕ್ಷನ್ನಿಗೆ ಇಳಿಯುವುದಿಲ್ಲವೆಂದು ಸ್ವಲ್ಪ ಕಳೆದರೂ ಆರು ಲೋಟಕ್ಕೆ 400 ಮಿಲಿಗ್ರಾಂ ದಾಟುವುದು ಸುಲಭ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಅಷ್ಟರವರೆಗೆ ತೊಂದರೆಯಿಲ್ಲ ಎಂಬುದು ಯುರೋಪು ಅಮೆರಿಕಗಳ ಆಹಾರ ಸುರಕ್ಷತಾ ಸಂಸ್ಥೆಗಳ ಅಭಿಪ್ರಾಯ. ಗರ್ಭಿಣಿಯರಿಗೆ ಯುರೋಪಿನ ಸಂಸ್ಥೆ ಹಾಕಿರುವ ಮಿತಿ 200.

ಮೊತ್ತಕ್ಕಿಂತ ಮುಖ್ಯವಾದದ್ದು ಹೊತ್ತು. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ರಕ್ತದಿಂದ ಹೋಗಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದಕ್ಕೆ 80 ಮಿಲಿಗ್ರಾಂ ಕುಡಿದರೆ ರಾತ್ರಿ ಹತ್ತಕ್ಕೆ 40, ಬೆಳಗಿನ ಜಾವ ಮೂರಕ್ಕೆ 20. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಮಲಗುವುದಕ್ಕೆ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. ಅಕ್ಕನ ಆರನೇ ಲೋಟ ಸಂಜೆ ಏಳಕ್ಕೆ. ರಾತ್ರಿ ಒಂದರವರೆಗೆ ಅವಳು ತೊಲೆ ಎಣಿಸುತ್ತಾ ಮಲಗಿರುತ್ತಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಚಿಕ್ಕಮ್ಮನದೇ ಗೆಲುವೇ? ಅಷ್ಟು ಸುಲಭವಲ್ಲ. 2011ರಲ್ಲಿ ಅಮೆರಿಕದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಹತ್ತು ವರ್ಷ ಗಮನಿಸಿದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೆ ಒಂದು ಕಪ್ ಅಥವಾ ಅದಕ್ಕಿಂತ ಕಡಿಮೆ ಕುಡಿಯುವವರಿಗೆ ಹೋಲಿಸಿದರೆ ದಿನಕ್ಕೆ ನಾಲ್ಕು ಅಥವಾ ಹೆಚ್ಚು ಕಪ್ ಕಾಫಿ ಕುಡಿಯುವವರಲ್ಲಿ ಖಿನ್ನತೆಯ ಸಂಭವ ಶೇ 20ರಷ್ಟು ಕಡಿಮೆ ಕಂಡಿತು. ಕೆಫೀನ್ ತೆಗೆದ ಕಾಫಿಯಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಆದರೆ ಗಮನಿಸಿ, ಅಧ್ಯಯನದ ಆರಂಭದಲ್ಲಿ ಅವರು ಖಿನ್ನತೆ ಇಲ್ಲದವರು. ಬರುವ ಸಂಭವ ಕಡಿಮೆ ಎನ್ನುವುದು ಒಂದು, ಬಂದದ್ದು ವಾಸಿಯಾಗುತ್ತದೆ ಎನ್ನುವುದು ಇನ್ನೊಂದು. ಅಲ್ಲದೆ ಕಾಫಿ ಕುಡಿದದ್ದರಿಂದ ಮನಸ್ಸು ಚೆನ್ನಾಗಿತ್ತೋ, ಮನಸ್ಸು ಚೆನ್ನಾಗಿದ್ದವರೇ ಹೆಚ್ಚು ಕಾಫಿ ಕುಡಿದರೋ ಎಂಬುದನ್ನು ಇಂಥ ಅಧ್ಯಯನ ತೀರ್ಮಾನಿಸಲಾರದು. ಕೋಳಿ ಕೂಗಿದ ಮೇಲೆ ಬೆಳಕಾಗುತ್ತದೆ ನಿಜ, ಕೂಗಿದ್ದರಿಂದ ಬೆಳಕಾಯಿತೆಂದು ಹೇಳಲಾಗುವುದಿಲ್ಲವಲ್ಲ.

ನಮ್ಮ ವೈದ್ಯರು ಎರಡೂ ಪಕ್ಷಕ್ಕೆ ಸೇರಲಿಲ್ಲ. ‘ಅಮ್ಮಾ, ಕಾಫಿ ಬಿಡಬೇಡಿ, ಒಮ್ಮೆಲೇ ಅಂತೂ ಬಿಡಲೇಬೇಡಿ’ ಎಂದರು. ರೂಢಿಯಾದ ಕಾಫಿ ದಿಢೀರನೆ ನಿಂತರೆ 12ರಿಂದ 24 ಗಂಟೆಯೊಳಗೆ ತಲೆನೋವು, ಸುಸ್ತು, ಕಿರಿಕಿರಿ, ಮಂಕು ಶುರುವಾಗಿ ಕೆಲವರಲ್ಲಿ ವಾರದವರೆಗೂ ಇರುತ್ತವೆ. ಖಿನ್ನತೆಯ ರೋಗಿಗೆ ಇದು ಕಾಯಿಲೆ ಉಲ್ಬಣಿಸಿದಂತೆಯೇ ತೋರುತ್ತದೆ. ಔಷಧಿ ಶುರುವಾದ ವಾರದಲ್ಲೇ ಕಾಫಿಯನ್ನೂ ನಿಲ್ಲಿಸಿದರೆ ಬೈಗುಳ ಔಷಧಿಗೆ ಬೀಳುತ್ತದೆ. ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಅಷ್ಟರೊಳಗೆ ‘ಇದು ನನಗೆ ಆಗಿಬರಲ್ಲ’ ಎಂದು ಬಿಟ್ಟುಬಿಡುವವರೇ ಬಹಳ.

ಇನ್ನೂ ಒಂದು ಮಾತು ಹೇಳಿದರು, ಓದುಗರು ಇದನ್ನು ನೆನಪಿಡಬೇಕು. ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವವೇ ಕೆಲವು ಔಷಧಿಗಳಿಂದ ತಡೆಯಲ್ಪಡುತ್ತದೆ. ಫ್ಲೂವಾಕ್ಸಮೈನ್ ತೆಗೆದುಕೊಳ್ಳುವವರಲ್ಲಿ ಒಂದು ಲೋಟ ಕಾಫಿ ಹಲವು ಲೋಟದಂತೆ ಕಾಡಬಹುದು. ಲಿಥಿಯಂ ತೆಗೆದುಕೊಳ್ಳುವವರಲ್ಲಿ ಕಾಫಿ ಆ ಔಷಧಿಯನ್ನು ಮೂತ್ರದ ಮೂಲಕ ಹೆಚ್ಚು ಹೊರಹಾಕುತ್ತದೆ. ಅಂಥವರು ಕಾಫಿ ಥಟ್ಟನೆ ನಿಲ್ಲಿಸಿದರೆ ರಕ್ತದಲ್ಲಿ ಲಿಥಿಯಂ ಏರಿ ಅಪಾಯವಾಗಬಹುದು. ಖಿನ್ನತೆಯ ಜೊತೆಗೆ ಗಾಬರಿ, ಎದೆಬಡಿತದ ತೊಂದರೆ ಇರುವವರಿಗೆ ಗಟ್ಟಿ ಕಾಫಿ ಆ ಗಾಬರಿಯನ್ನೇ ಎಬ್ಬಿಸಬಹುದು. ಆದ್ದರಿಂದ ವೈದ್ಯರ ಮುಂದೆ ಮಾತ್ರೆಗಳ ಪಟ್ಟಿಯ ಜೊತೆ ಕಾಫಿ, ಟೀಗಳ ಲೆಕ್ಕವನ್ನೂ ಇಡಬೇಕು. ಬೀಡಿ ಸಿಗರೇಟು ಬಿಟ್ಟವರೂ ಹೇಳಬೇಕು, ಧೂಮಪಾನ ನಿಂತರೆ ಕೆಫೀನ್ ಮೈಯಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ.

ನಾನು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಟ್ಟೆ. ಕಾಫಿ ಎಷ್ಟು ಹೊತ್ತಿಗೆ, ನಿದ್ದೆ ಎಷ್ಟು ಗಂಟೆ, ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ. ‘ಈ ವಯಸ್ಸಲ್ಲಿ ನನಗೂ ಪರೀಕ್ಷೆನಾ?’ ಎಂದು ಗೊಣಗಿದರೂ ಬರೆದಳು. ವಾರಕ್ಕೆ ಒಂದು ಲೋಟದಂತೆ ಕಡಿಮೆ ಮಾಡಿದೆವು. ಮೊದಲು ಹೋದದ್ದು ಸಂಜೆ ಏಳರದು. ಕಷ್ಟವಾದದ್ದು ನಾಲ್ಕೂವರೆಯದು. ಆ ಹೊತ್ತಿಗೆ ಪಕ್ಕದ ಮನೆಯವರು ಬರುತ್ತಿದ್ದರು, ದಿನದಲ್ಲಿ ಅಕ್ಕ ಹೊರಗಿನವರೊಡನೆ ಆಡುತ್ತಿದ್ದ ನಾಲ್ಕು ಮಾತು ಅದೊಂದೇ. ಕಾಫಿ ನಿಲ್ಲಿಸಿದರೆ ಆ ಮಾತೂ ನಿಲ್ಲುತ್ತದೆ. ಅದಕ್ಕೆ ನನ್ನ ಹೆಂಡತಿಯೇ ದಾರಿ ಹುಡುಕಿದಳು. ಸಂಜೆಗೆ ಬೇರೆ ಡಬ್ಬಿ, ಅದರಲ್ಲಿ ಹೆಚ್ಚು ಚಿಕೋರಿ, ಹೆಸರಿಗೆ ಕಾಫಿಪುಡಿ. ಬಣ್ಣ ಇದೆ, ಬಿಸಿ ಇದೆ, ಜೊತೆಗೆ ಜನ ಇದ್ದಾರೆ. ಕೆಫೀನ್ ಮಾತ್ರ ಅಷ್ಟಕ್ಕಷ್ಟೆ.

ಆರನೇ ವಾರದ ಹೊತ್ತಿಗೆ ಬೆಳಿಗ್ಗೆ ಎರಡು, ಹನ್ನೊಂದಕ್ಕೆ ಒಂದು, ಸಂಜೆ ಚಿಕೋರಿ ಎಂಬಲ್ಲಿಗೆ ನಿಂತಿತು. ನಿದ್ದೆ ನಾಲ್ಕು ಗಂಟೆಯಿಂದ ಆರೂವರೆಗೆ ಏರಿತ್ತು. ಮನಸ್ಸಿನ ಅಂಕ ಎರಡರಿಂದ ಐದು. ಇದು ಕಾಫಿ ತಗ್ಗಿಸಿದ್ದರ ಫಲವೇ, ಮಾತ್ರೆಯದೇ, ವಾರಕ್ಕೊಮ್ಮೆ ನಡೆದ ಆಪ್ತ ಸಮಾಲೋಚನೆಯದೇ? ಒಂದೇ ಪ್ರಯೋಗದಲ್ಲಿ ಮೂರು ಅಂಶ ಬದಲಾದರೆ ಯಾವುದರಿಂದ ಏನಾಯಿತೆಂದು ಹೇಳಬಾರದೆಂದು ನಾನೇ ಮಕ್ಕಳಿಗೆ ಕಲಿಸುತ್ತೇನೆ. ಅಕ್ಕನ ವಿಷಯದಲ್ಲೂ ಅದನ್ನೇ ಹೇಳುತ್ತೇನೆ. ಚಿಕಿತ್ಸೆ ಇಲ್ಲದೆ ಬರೀ ಕಾಫಿಯ ಹೊತ್ತು ಬದಲಿಸಿದ್ದರೆ ಸಾಕಾಗುತ್ತಿತ್ತೆಂದು ಯಾರೂ ತಿಳಿಯಬೇಡಿ.

ಒಂದು ದಿನ ಶಾಲೆಯಿಂದ ಬಂದಾಗ ಅಡುಗೆಮನೆಯಲ್ಲಿ ಅಕ್ಕನ ದನಿ ಜೋರಾಗಿತ್ತು. ‘ಇದೇನೇ ಇದು, ಕಾಫಿನಾ ಕಲಗಚ್ಚಾ? ಫಿಲ್ಟರಿಗೆ ಪುಡಿ ಒತ್ತೋದೂ ಮರೆತುಬಿಟ್ಟೆಯಾ?’ ನನ್ನ ಹೆಂಡತಿ ಬೈಸಿಕೊಳ್ಳುತ್ತಾ ನನ್ನ ಕಡೆ ನೋಡಿ ನಕ್ಕಳು. ನೋಟ್‌ಬುಕ್ಕಿನಲ್ಲಿ ಅಂದಿನ ಅಂಕ ಆರು. ನನ್ನನ್ನು ಕೇಳಿದರೆ ಎಂಟು ಕೊಡುತ್ತಿದ್ದೆ.

ಓದುಗರಲ್ಲಿ ಒಂದೆರಡು ಬಿನ್ನಹ. ಸುಸ್ತೆಲ್ಲ ಖಿನ್ನತೆಯಲ್ಲ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆಗಳೂ ಹೀಗೇ ಮಂಕು ಕವಿಸುತ್ತವೆ, ಪರೀಕ್ಷಿಸಿಕೊಳ್ಳಿ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆ ಅಂತರವಿರಲಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಖಿನ್ನತೆಗೆ ಒಳಗಾಗಿರುತ್ತಾರೆ. ಎಂದರೆ ನಿಮ್ಮ ಬೀದಿಯಲ್ಲೂ ಇದ್ದಾರೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಮನೆಯಲ್ಲಿ ಯಾರಾದರೂ ಎದ್ದು ಕೂರುವುದಕ್ಕಾಗಿ ಮಾತ್ರ ಕಾಫಿ ಕುಡಿಯುತ್ತಿದ್ದರೆ ಲೋಟ ಕಿತ್ತುಕೊಳ್ಳಲು ಹೋಗಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ, ಆಮೇಲೆ ವೈದ್ಯರಲ್ಲಿಗೆ ಜೊತೆಯಲ್ಲಿ ಹೊರಡಿ.