ಡವ್ ನದಿಯ ದಡದಲ್ಲಿ ಗೆಳೆಯನಿಗಾಗಿ ಒಂದು ಮನೆ

ಇಂಗ್ಲೆಂಡಿನ ನಡುನಾಡಿನಲ್ಲಿ, ಡರ್ಬಿಶೈರ್ ಮತ್ತು ಸ್ಟ್ಯಾಫರ್ಡ್‌ಶೈರ್ ಪ್ರಾಂತಗಳಿಗೆ ಬಹುದೂರ ಎಲ್ಲೆಯಾಗಿ ಹರಿಯುವ ಪುಟ್ಟ ನದಿ ಡವ್. ಬಕ್ಸ್‌ಟನ್ ಪಟ್ಟಣದ ಸಮೀಪದ ಬೆಟ್ಟಗಳಲ್ಲಿ ಹುಟ್ಟಿ, ಸುಣ್ಣಕಲ್ಲಿನ ಕಣಿವೆಗಳನ್ನು ಹಾದು, ಸುಮಾರು 45 ಮೈಲಿ ನಡೆದು ಅದು ಟ್ರೆಂಟ್ ನದಿಯನ್ನು ಸೇರುತ್ತದೆ. ಹರಿವು ಕಿರಿದಾದರೂ ಅದರ ಕೀರ್ತಿ ಹಿರಿದು. ಗಾಳ ಹಿಡಿದವರಿಗೆ ಅದೊಂದು ಯಾತ್ರಾಸ್ಥಳ.

ಬೇಸಿಗೆಯಲ್ಲಿ ಜನರಿಂದ ತುಂಬಿರುವ ಈ ಕಣಿವೆಗೆ ಚಳಿಗಾಲದಲ್ಲಿ ಬೇರೆಯೇ ಒಂದು ಚೆಲುವುಂಟು. ಮರಗಳು ಎಲೆಯುದುರಿಸಿ ನಿಂತಿರುತ್ತವೆ. ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಹೊಳೆ ಮಾತ್ರ ಹರಿಯುತ್ತಲೇ ಇರುತ್ತದೆ. ಸುಣ್ಣಕಲ್ಲಿನ ಒಡಲಿನಿಂದ ಒಸರುವ ಬುಗ್ಗೆಗಳ ನೀರು, ಹೊರಗಿನ ಗಾಳಿಯಷ್ಟು ಬೇಗ ತಣ್ಣಗಾಗುವುದಿಲ್ಲ. ಆದರೂ ಚಳಿಗೆ ಮೀನುಗಳ ಮೈ ಜಡವಾಗುವುದರಿಂದ ಅವು ಮಡುವಿನ ತಳವನ್ನು ಹಿಡಿದಿರುತ್ತವೆ. ಮಧ್ಯಾಹ್ನ ಎಳೆಬಿಸಿಲು ಬಿದ್ದು ನೀರಿನಿಂದ ಸಣ್ಣ ನೊಣಗಳು ಎದ್ದಾಗ ಮಾತ್ರ ಅವು ಮೇಲಕ್ಕೆ ಬರುತ್ತವೆ. ಗಾಳಗಾರನಿಗೆ ದಕ್ಕುವುದು ಆ ಒಂದೆರಡು ಗಂಟೆಯಷ್ಟೆ.

ಮೀನು ಹಿಡಿಯುವ ಮಾತೆತ್ತಿದರೆ ಕೆಲವರು ಮೂಗು ಮುರಿಯಬಹುದು. ಆದರೆ ಇಲ್ಲಿ ಗಾಳಕ್ಕೆ ಎರೆಹುಳುವನ್ನು ಚುಚ್ಚುವುದಿಲ್ಲ. ಬಾತುಕೋಳಿಯ ಗರಿ, ಪ್ರಾಣಿಯ ತುಪ್ಪಳ, ರೇಷ್ಮೆಯ ಎಳೆ, ಇವುಗಳಿಂದ ಬೆರಳುಗುರಿಗಿಂತ ಚಿಕ್ಕದಾದ ಹುಸಿನೊಣವೊಂದನ್ನು ಕಟ್ಟಿ, ನಿಜವಾದ ನೊಣವೇ ಇಳಿಯಿತೆಂಬಂತೆ ನೀರಿನ ಮೇಲೆ ಹಗುರವಾಗಿ ಇಳಿಸಬೇಕು. ಟ್ರೌಟ್ ಮೀನಿನ ಕಣ್ಣು ಬಹು ಚುರುಕು. ಗಾಳಗಾರನ ನೆರಳು ಸುಳಿದರೂ ಸಾಕು, ಅದು ಓಡಿಹೋಗುತ್ತದೆ. ಇಂದು ಚಳಿಗಾಲದಲ್ಲಿ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ. ಅದು ಆ ಮೀನು ಮೊಟ್ಟೆಯಿಡುವ ಕಾಲ. ಆಗ ಗಾಳ ಬೀಳುವುದು, ವಸಂತದಲ್ಲಿ ಮೊಟ್ಟೆಯಿಡುವ ಗ್ರೇಲಿಂಗ್ ಎಂಬ ಅದರ ನೆಂಟನಿಗೆ.

ಈ ವಿದ್ಯೆಯನ್ನು ಡವ್ ನದಿಯ ದಡದಲ್ಲಿ ಕಲಿತು, ಅದನ್ನು ಗ್ರಂಥಕ್ಕೆ ಇಳಿಸಿದವನು ಚಾರ್ಲ್ಸ್ ಕಾಟನ್. 1630ರಲ್ಲಿ ಹುಟ್ಟಿದ ಅವನು ಬೆರೆಸ್‌ಫರ್ಡ್ ಕಣಿವೆಯ ಜಮೀನುದಾರ, ಕವಿ, ಕೈ ಬಿಗಿಹಿಡಿಯಲರಿಯದೆ ಸದಾ ಸಾಲದಲ್ಲಿ ಮುಳುಗಿದ್ದವನು. ಅವನ ಗೆಳೆಯ ಐಸಾಕ್ ವಾಲ್ಟನ್, ಲಂಡನ್ನಿನಲ್ಲಿ ಬಟ್ಟೆಯ ವ್ಯಾಪಾರ ಮಾಡಿ ಬಾಳಿದ ಸಾತ್ವಿಕ. 1653ರಲ್ಲಿ ಪ್ರಕಟವಾದ 'ದಿ ಕಂಪ್ಲೀಟ್ ಆಂಗ್ಲರ್' ಎಂಬ ಪ್ರಸಿದ್ಧ ಗ್ರಂಥದ ಕರ್ತೃ ಅವನೇ. ಇಬ್ಬರ ನಡುವೆ 37 ವರ್ಷಗಳ ಅಂತರ. ಕಾಟನ್ನನು ಹಿರಿಯನನ್ನು ತಂದೆಯೆಂದೇ ಕರೆಯುತ್ತಿದ್ದನು.

1674ರಲ್ಲಿ ಕಾಟನ್ನನು ಹೊಳೆಯ ತಿರುವಿನಲ್ಲಿ ಒಂದೇ ಕೋಣೆಯ ಕಲ್ಲಿನ ಮನೆಯೊಂದನ್ನು ಕಟ್ಟಿಸಿದನು. ಗಾಳ ಹಾಕಿ ದಣಿದವರು ಬೆಂಕಿ ಕಾಯಿಸಿಕೊಂಡು ಮಾತನಾಡಲೆಂದು ಕಟ್ಟಿದ ಮನೆ ಅದು. ಅದು ಮೀನುಗಾರರಿಗೆ ಮೀಸಲಾದ ಪುಣ್ಯಸ್ಥಳವೆಂದು ಬಾಗಿಲ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಕೆತ್ತಿಸಿದನು. ಜೊತೆಗೆ ತನ್ನ ಹೆಸರಿನ ಮತ್ತು ವಾಲ್ಟನ್ನನ ಹೆಸರಿನ ಮೊದಲಕ್ಷರಗಳನ್ನು ಬಳ್ಳಿಯಂತೆ ಹೆಣೆದು ಕಲ್ಲಿನಲ್ಲಿ ಬಿಡಿಸಿದನು.

ಆ ಅಕ್ಷರಗಳನ್ನು ಕೆತ್ತಿದಾಗ ವಾಲ್ಟನ್ನನು ಅಲ್ಲಿದ್ದು ಕಂಡಿದ್ದನು. ಆದರೆ ಗೋಡೆಗಳು ಆಗಿನ್ನೂ ಬಾಗಿಲ ಕಮಾನಿನ ಎತ್ತರಕ್ಕೆ ಎದ್ದಿರಲಿಲ್ಲ. ಮುಗಿದ ಮನೆಯನ್ನು ಹಿರಿಯನು ನೋಡಲೇ ಇಲ್ಲವಲ್ಲ, ಈ ಬೇಸಿಗೆಗೂ ಬರುವುದು ಅನುಮಾನವೆಂದು ಬರೆದಿದ್ದಾನಲ್ಲ ಎಂಬ ಕೊರಗನ್ನು ಕಾಟನ್ನನು ತನ್ನ ಬರಹದಲ್ಲಿಯೇ ತೋಡಿಕೊಂಡಿದ್ದಾನೆ. ವಾಲ್ಟನ್ನನ ಗ್ರಂಥಕ್ಕೆ ಎರಡನೆಯ ಭಾಗವಾಗಿ, ಹುಸಿನೊಣದ ಬೇಟೆಯನ್ನು ಕುರಿತು ಅವನು ಬರೆದ ಆ ಬರಹ 1676ರಲ್ಲಿ ಅಚ್ಚಾಯಿತು. ಜನವರಿಯಿಂದ ತೊಡಗಿ ಯಾವ ತಿಂಗಳಿಗೆ ಯಾವ ನೊಣವೆಂದು ಅದರಲ್ಲಿ ವಿವರಿಸಿದೆ. ಇನ್ನೊಮ್ಮೆ, ಬಿರುಗಾಳಿಯ ಚಳಿಯಲ್ಲಿ ಕುಳಿತು, ಮುಂದಿನ ಮೇ ತಿಂಗಳವರೆಗೆ ಬದುಕಿದ್ದರೆ ಕೂಡಿ ಗಾಳ ಹಾಕೋಣವೆಂದು ಹಿರಿಯನನ್ನು ಕರೆದು ಅವನು ಪದ್ಯವನ್ನೂ ಬರೆದನು.

1676ರ ಏಪ್ರಿಲ್ 29ರಂದು ವಾಲ್ಟನ್ನನು ಲಂಡನ್ನಿನಿಂದ ಉತ್ತರ ಕಳುಹಿಸಿದನು. ವಯಸ್ಸು 83 ನಡೆಯುತ್ತಿದೆ, ದಾರಿ ನೂರು ಮೈಲಿಗೂ ಮಿಗಿಲು. ಎರಡನ್ನೂ ಮರೆತು ಮುಂದಿನ ತಿಂಗಳು ಹೊರಡುವೆನೆಂಬುದು ಅದರ ಸಾರ. ರೈಲಿಲ್ಲದ, ಒಳ್ಳೆಯ ರಸ್ತೆಗಳೂ ಇಲ್ಲದ ಕಾಲದ ಮಾತಿದು!

ವಾಲ್ಟನ್ನನು ತೀರಿಕೊಂಡದ್ದು 1683ರ ಡಿಸೆಂಬರ್ 15ರಂದು, ಥೇಮ್ಸ್ ನದಿಯೇ ಹೆಪ್ಪುಗಟ್ಟಿದ ಆ ಘೋರ ಚಳಿಗಾಲದ ಮೊದಲಲ್ಲಿ. ಅದಕ್ಕೆ ಎರಡು ವರ್ಷ ಮುಂಚೆಯೇ, 1681ರಲ್ಲಿ, ಸಾಲದ ಹೊರೆಗೆ ಬೆರೆಸ್‌ಫರ್ಡ್ ಕಾಟನ್ನನ ಕೈಬಿಟ್ಟಿತ್ತು. 1687ರಲ್ಲಿ ಅವನೂ ಕಣ್ಮುಚ್ಚಿದನು. ಅವನು ಹುಟ್ಟಿ ಬೆಳೆದ ದೊಡ್ಡ ಮನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕೆಡವಿದರು.

ಉಳಿದಿರುವುದು ಗೆಳೆಯನಿಗಾಗಿ ಕಟ್ಟಿದ ಪುಟ್ಟ ಮನೆ ಮಾತ್ರ. ಅದು ಖಾಸಗಿ ನೆಲದಲ್ಲಿರುವುದರಿಂದ ದಾರಿಹೋಕರು ಒಳಗೆ ಹೋಗುವಂತಿಲ್ಲ. ಬೇಸಿಗೆಯಲ್ಲಿ ಮರಗಳ ಹಸುರು ಅದನ್ನು ಮುಚ್ಚಿಬಿಡುತ್ತದೆ. ಎಲೆಯುದುರಿದ ಚಳಿಗಾಲದಲ್ಲಿ, ಕಾಲುದಾರಿಯಲ್ಲಿ ನಡೆಯುವವರಿಗೆ ಬೋಳುಕೊಂಬೆಗಳ ನಡುವೆ ಅದು ಕಣ್ಣಿಗೆ ಬೀಳುತ್ತದೆ.